ರೊವೆನಾ ಮಿಸ್ ತರಗತಿಯ ಒಂಟಿ ಚಪ್ಪಾಳೆ

ಮಸೀದಿಯಲ್ಲಿ ಬೆಳಗಿನ ಬಾಂಗ್ ಇನ್ನೂ ಮುಗಿದಿಲ್ಲ, ಆಗಲೇ ಮೂರನೇ ಮಹಡಿಯಿಂದ ಬೆಳ್ಳುಳ್ಳಿ ಹುರಿದ ಘಮ ಮೆಟ್ಟಿಲಿಳಿದು ನಮ್ಮ ಬಾಗಿಲಿಗೆ ಬಂದಿದೆ. ಮೇಲೆ ಹೋಗಿ ನೋಡಿದರೆ ರೊವೆನಾ ತಿನ್ಸಾಯ್ ನಿನ್ನೆಯ ಅನ್ನವನ್ನು ಬಾಣಲೆಗೆ ಹಾಕಿ ಬೆಳ್ಳುಳ್ಳಿಯ ಜೊತೆ ಹುರಿಯುತ್ತಿದ್ದಾಳೆ. ಪಕ್ಕದ ಒಲೆಯ ಮೇಲೆ ಮೊಟ್ಟೆ. ಕಟ್ಟೆಯ ಮೇಲೆ ಊಟದ ಡಬ್ಬಿ. ಐದು ವರ್ಷದಿಂದ ಒಂದೇ ಇರುತ್ತಿತ್ತು, ಇವತ್ತು ಎರಡಿವೆ.

“ಅಕ್ಕಾ, ಉಪ್ಪು ಹಾಕಿದ್ನೋ ಇಲ್ವೋ ಅಂತ ಎಷ್ಟು ಸಲ ಬಾಯಿಗೆ ಹಾಕ್ಕೊಂಡ್ರೂ ರುಚೀನೇ ಗೊತ್ತಾಗ್ತಿಲ್ಲ. ನೀವೇ ಸ್ವಲ್ಪ ನೋಡಿ,” ಎನ್ನುತ್ತಾಳೆ. ನೋಡಿದೆ. ಉಪ್ಪು ಸುರಿದುಬಿಟ್ಟಿದ್ದಾಳೆ ಮಹಾರಾಯ್ತಿ! ಹಾಗೆಂದ ತಕ್ಷಣ ಇನ್ನೆರಡು ಹಿಡಿ ಅನ್ನ ಬಾಣಲೆಗೆ ಬೀಳುತ್ತದೆ. ಇವತ್ತು ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನನಗೂ ಹೆಚ್ಚು ಕಡಿಮೆ ಅದೇ ಪಾಡು.

ಇದು ಪತ್ರಿಕೆಗೆ ಬರೆಯುತ್ತಿರುವ ಲೇಖನ, ಮರ್ಯಾದೆಗೆ ‘ಅವರು’ ಎಂದು ಬರೆಯಬೇಕು. ಆದರೆ ದುಬೈಯಿಂದ ಉತ್ತರಕ್ಕಿರುವ ರಾಸ್ ಅಲ್ ಖೈಮಾದ ಈ ಹಳೇ ಕಟ್ಟಡದಲ್ಲಿ ನನ್ನ ತಲೆಯ ಮೇಲೆಯೇ ವಾಸವಿರುವ ತಂಗಿಯಂಥವಳನ್ನು ಅವರು ಇವರು ಎನ್ನಲು ನನ್ನ ಕೈ ಓಡುವುದಿಲ್ಲ. ರೊವೆನಾ ಇಲ್ಲಿನ ಒಂದು ಸಣ್ಣ ಅಂತರರಾಷ್ಟ್ರೀಯ ಶಾಲೆಯ ಟೀಚರ್. ಕಳೆದ ವರ್ಷ ಒಂದನೇ ತರಗತಿಗೆ ಕಲಿಸಿದ ಮಕ್ಕಳ ಜೊತೆಯಲ್ಲೇ ಈ ವರ್ಷ ಎರಡನೇ ತರಗತಿಗೆ ಬಡ್ತಿ ಪಡೆದಿದ್ದಾಳೆ. ರಜೆ ಮುಗಿದು ಇವತ್ತು ಶಾಲೆ ಶುರು. ತರಗತಿಗೆ ಒಂದೇ ಒಂದು ಹೊಸ ಮಗು ಸೇರುತ್ತಿದೆ. ಹೆಸರು ಲಿಗಾಯ, ವಯಸ್ಸು ಏಳು, ಊರು ಫಿಲಿಪ್ಪೀನ್ಸಿನ ಇಲೊಯಿಲೊ. ರೊವೆನಾಳ ಸ್ವಂತ ಮಗಳು.

ಎರಡು ವರ್ಷದ ಕೂಸನ್ನು ತಾಯಿಯ ಕೈಗೆ ಕೊಟ್ಟು ರೊವೆನಾ ವಿಮಾನ ಹತ್ತಿದವಳು. ಗಂಡ ಹಡಗಿನ ಕೆಲಸದವನು, ವರ್ಷದ ಮುಕ್ಕಾಲು ಪಾಲು ನೀರಿನ ಮೇಲೇ ಇರುತ್ತಾನೆ. ಊರಲ್ಲಿ ಸರ್ಕಾರಿ ಶಾಲೆಯ ಟೀಚರಾಗಿದ್ದವಳು ಮೊದಲು ಅಜ್ಮಾನಿನಲ್ಲಿ ಪುಟ್ಟ ಮಕ್ಕಳ ಮೂಗು ಒರೆಸುವ ಸಹಾಯಕಿಯಾಗಿ ಸೇರಿಕೊಂಡಳು. ಒಂದು ಕೋಣೆಯಲ್ಲಿ ಆರು ಜನ ಹೆಂಗಸರು, ಮೇಲೊಂದು ಕೆಳಗೊಂದು ಮಂಚ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಅವಳಿಗೆ ಇದ್ದದ್ದೇ ಆ ಹಾಸಿಗೆ, ಅದೂ ಬಾಡಿಗೆಯದು. ಇಂಥ ಮಂಚಕ್ಕೆ ಮಗುವನ್ನು ಕರೆಸಿಕೊಳ್ಳುವ ಹಾಗಿಲ್ಲ. ತನ್ನ ಹೆಸರಿನಲ್ಲಿ ಒಂದು ಮನೆ ಬೇಕು.

ನಡುವೆ ದುಬೈಯ ದೊಡ್ಡ ಶಾಲೆಯೊಂದು ಕರೆಯಿತು. ಗೆಳತಿಯರು ಕುಣಿದಾಡಿದರು. ಇವಳು ಒಲ್ಲೆ ಎಂದು ಬೆಟ್ಟದ ಬುಡದ ಈ ಊರಿಗೆ ಬಂದಳು. ಮೇಕೆ ಕಾಯೋಕೆ ಹೋಗ್ತಿದೀಯಾ ಎಂದು ಅವರೆಲ್ಲ ಕಾಡಿಸಿದರಂತೆ. ಕೇಳಿದರೆ ಇವಳ ಉತ್ತರ ನೆಟ್ಟಗಿದೆ: “ದುಬೈಯಲ್ಲಿ ನನ್ನ ಸಂಬಳ ಮನೆ ಓನರ್‌ದು ಅಕ್ಕಾ. ಇಲ್ಲಿ ನಂದು. ಇಲ್ಲಾದ್ರೆ ಒಂದು ಬಾಗಿಲು, ಅದಕ್ಕೊಂದು ಬೀಗ, ಒಳಗೆ ಮಗಳು.” ಟೀಚರುಗಳ ಒಂದು ಮಗುವಿಗೆ ಫೀಸು ತೆಗೆದುಕೊಳ್ಳದ ಶಾಲೆಯೂ ಇಲ್ಲೇ ಸಿಕ್ಕಿತು.

ಮಗಳು ಬಂದು ವಾರವಾಯಿತು. ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ರೊವೆನಾ ತೋಳು ಚಾಚಿ ನಿಂತಿದ್ದರೆ ಆ ಪುಟ್ಟಿ ಅಮ್ಮನ ಬಲಗೈ ಹಿಡಿದು ಹಣೆಗೆ ಮುಟ್ಟಿಸಿಕೊಂಡಿತು. ಅವರಲ್ಲಿ ಹಿರಿಯರಿಗೆ ಹಾಗೆಯೇ ನಮಸ್ಕಾರ ಮಾಡುವುದು; ಮನೆಗೆ ಬಂದ ನೆಂಟರಿಗೂ ಹಾಗೇ. ನಾನು ಮುಖ ತಿರುಗಿಸಿಕೊಂಡೆ. ರೊವೆನಾ ಮಾತ್ರ ನಗುನಗುತ್ತಲೇ ಬ್ಯಾಗು ಎತ್ತಿಕೊಂಡಳು.

ಅವರ ಕಡೆ ಅಮ್ಮನಿಗೆ ನಾನಾಯ್ ಎನ್ನುತ್ತಾರೆ, ಅಜ್ಜಿಗೆ ಲೋಲಾ. ಸಾಕಿದ ಅಜ್ಜಿಯನ್ನೇ ಲಿಗಾಯ ನಾನಾಯ್ ಎಂದು ಕರೆದು ಬೆಳೆದಿದೆ. ಹೊರಡುವ ದಿನ ಆ ಮುದುಕಿ ಮೊಮ್ಮಗಳನ್ನು ಕೂರಿಸಿಕೊಂಡು, ಇನ್ನು ಮೇಲೆ ನಾನು ಬರೀ ಲೋಲಾ, ನಿನ್ನ ನಾನಾಯ್ ಅಲ್ಲಿದ್ದಾಳೆ ಎಂದು ಹೇಳಿ ಕಳಿಸಿದ್ದಾಳೆ. ಎಂಥ ಗಟ್ಟಿ ಹೆಂಗಸು! ಆದರೆ ಹೇಳಿಕೊಟ್ಟರೆ ಬಾಯಿಗೆ ಬರುವ ಮಾತೇ ಅದು? ವಾರದಿಂದ ಮಗು ಅಮ್ಮನನ್ನು ಏನೆಂದೂ ಕರೆದಿಲ್ಲ. ನೀರು ಬೇಕಿದ್ದರೆ ಅಂಗಿಯ ತೋಳು ಜಗ್ಗುತ್ತದೆ.

“ಕರೀಲಿ ಬಿಡ್ಲಿ, ಕಣ್ಮುಂದೆ ಇದಾಳಲ್ಲ,” ಎಂದು ರೊವೆನಾ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಗುದ್ದಿ ಮುಚ್ಚುತ್ತಾಳೆ. ಸುಳ್ಳಿ. ಆ ಒಂದು ಕರೆಗೆ ಅವಳ ಮೈಯೆಲ್ಲ ಕಿವಿಯಾಗಿದೆ. ಅದರ ಮೇಲೆ ಶಾಲೆಯ ಷರತ್ತು ಬೇರೆ: ಗೇಟಿನ ಒಳಗೆ ಅವಳು ಅಮ್ಮನಲ್ಲ, ಎಲ್ಲರಿಗೂ ಹೇಗೋ ಹಾಗೆ ಮಗಳಿಗೂ ಮಿಸ್. ಪ್ರಿನ್ಸಿಪಾಲರು ಕೇಳಿದಾಗ ಇವಳು ತಲೆಯಾಡಿಸಿ ಬಂದಿದ್ದಾಳೆ.

ಆರು ಗಂಟೆಗೆಲ್ಲ ಸೆಕೆ ಮುಖಕ್ಕೆ ರಾಚುತ್ತಿದೆ. ಶಾಲೆಯ ಬಸ್ಸು ಬಂದು ನಿಂತಿದೆ. ಡ್ರೈವರ್ ಗುಲ್ ಜಾದಾ ಪೇಶಾವರದ ಕಡೆಯವರು, ಬೆಳಗಾಗೆದ್ದು ಯಾರನ್ನಾದರೂ ಕಿಚಾಯಿಸದಿದ್ದರೆ ಅವರಿಗೆ ಚಹಾ ಇಳಿಯುವುದಿಲ್ಲ. ಕನ್ನಡಿಯಲ್ಲಿ ಪುಟ್ಟಿಯನ್ನು ನೋಡಿ ರೊವೆನಾಳನ್ನು, “ಏನ್ ತಂಗಿ, ಇಷ್ಟು ವರ್ಷ ಊರವರ ಮಕ್ಕಳನ್ನೇ ಹತ್ತಿಸ್ತಿದ್ದೆ. ಇವತ್ತು ನಿನ್ನ ಮಾಲೂ ತಂದ್ಯಾ?” ಎಂದು ಕೇಳಿ, ಎಂಜಿನ್ ಶಾಖ ಬಡಿಯದ ಕಿಟಕಿ ಬದಿಯ ಸೀಟು ತೋರಿಸುತ್ತಾರೆ. ಆ ಸೀಟು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಪ್ರಿನ್ಸಿಪಾಲರ ಅನುಮತಿ ಪಡೆದು ನಾನು ತರಗತಿಯ ಹಿಂದಿನ ಬೆಂಚಿನಲ್ಲಿ ಮುದುರಿ ಕೂತಿದ್ದೇನೆ. ಇಪ್ಪತ್ತಾರು ಮಕ್ಕಳು, ಹನ್ನೊಂದು ದೇಶ, ಸಂತೆಯ ಗದ್ದಲ. ರೊವೆನಾ ಕೂಗುವುದಿಲ್ಲ, ದನಿ ತಗ್ಗಿಸುತ್ತಾಳೆ, ಅದನ್ನು ಕೇಳಲು ಮಕ್ಕಳೇ ಸುಮ್ಮನಾಗುತ್ತಾರೆ. ಶೂ ದಾರ ಕಟ್ಟುವುದು, ಅಳುವವನ ಕೈಗೆ ಸೀಮೆಸುಣ್ಣ ಕೊಟ್ಟು ಬೋರ್ಡಿನ ಹತ್ತಿರ ನಿಲ್ಲಿಸುವುದು, ನಡುವೆಯೇ ಕೂಡುವ ಲೆಕ್ಕ. ಲಿಗಾಯ ಮೂರನೇ ಸಾಲಿನಲ್ಲಿ ಕಲ್ಲಿನಂತೆ ಕೂತಿದೆ.

ಹೊತ್ತು ಸ್ವಲ್ಪ ಏರಿದಾಗ ಕೈರೋದ ಹುಡುಗ ಜಿಯಾದ್ ಬರೆಯುತ್ತ ಬರೆಯುತ್ತ ತಲೆಯೆತ್ತದೆ, ಮನೆಯಲ್ಲಿ ಅಮ್ಮನನ್ನು ಕರೆಯುವಂತೆ, “ಮಾಮಾ, ರಬ್ಬರ್ ಎಲ್ಲಿ?” ಎಂದುಬಿಡುತ್ತಾನೆ. ಮರುಕ್ಷಣ ಇಡೀ ತರಗತಿ ಒಟ್ಟಾಗಿ ಒಂದೇ ಒಂದು ಚಪ್ಪಾಳೆ ತಟ್ಟುತ್ತದೆ. ಟಪ್. ಅಷ್ಟೇ. ಎಲ್ಲರೂ ಮತ್ತೆ ಬರೆಯಲು ಬಾಗುತ್ತಾರೆ.

ಇದು ರೊವೆನಾ ಮಾಡಿದ ಪದ್ಧತಿ. ಮೈಮರೆತಾಗ ಟೀಚರನ್ನು ಅಮ್ಮಾ ಎನ್ನದ ಮಗು ಯಾವ ದೇಶದಲ್ಲೂ ಇಲ್ಲ. ಅಂದ ಮೇಲೆ ಉಳಿದವರು ಹಲ್ಲು ಕಿಸಿದು, ಅಂದವರು ಮೇಜಿನ ಕೆಳಗೆ ಮುಖ ಮುಚ್ಚಿಕೊಂಡು ಅರ್ಧ ದಿನ ಹಾಳು. ಅದಕ್ಕೇ ನಗು ಬೇಡ, ಒಂದು ಚಪ್ಪಾಳೆ ತಟ್ಟಿ ಮುಗಿಸಿಬಿಡಿ ಎಂದು ಕಲಿಸಿದಳು. ಯುಮ್ಮಾ, ಅಮ್ಮಿ, ಮಾಮಾ, ನಾನಾಯ್ – ಎಲ್ಲ ಭಾಷೆಯ ಅಮ್ಮಂದಿರಿಗೂ ಈ ತರಗತಿಯಲ್ಲಿ ಚಪ್ಪಾಳೆ ಬಿದ್ದಿದೆ.

“ಒಂದೊಂದು ಸಲ ಕರೆದಾಗಲೂ ಖುಷಿ ಆಗ್ತಿತ್ತು ಅಕ್ಕಾ,” ಎಂದು ಹಿಂದೊಮ್ಮೆ ಹೇಳಿದ್ದಳು. “ಆಮೇಲೆ ನೆನಪಾಗೋದು, ನನ್ನವಳು ಇದೇ ಹೊತ್ತಲ್ಲಿ ಇನ್ನೊಬ್ಬರನ್ನ ಕರೀತಿರ್ತಾಳಲ್ಲ ಅಂತ.” ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಆಡಿಕೊಳ್ಳುವ ನಾಲಿಗೆಗಳಿಗೆ ಇಲೊಯಿಲೊದಲ್ಲೂ ಬರವಿಲ್ಲ. ಹೆತ್ತದ್ದನ್ನು ಬಿಟ್ಟು ಅರಬರ ಮಕ್ಕಳನ್ನು ಮುದ್ದಾಡುತ್ತಾಳೆ ಎಂದವರು ಸ್ವಂತ ಅತ್ತಿಗೆಯೇ. ಆ ಮಾತು ಅವಳಿಗೆ ಈಗಲೂ ಚುಚ್ಚುತ್ತದೆ.

ಊಟದ ಬಿಡುವು. ಡಬ್ಬಿಗಳು ತೆರೆದುಕೊಳ್ಳುತ್ತಿವೆ: ಖುಬ್ಬೂಸ್ ರೊಟ್ಟಿ, ಪರೋಟ, ಇಡ್ಲಿ, ಯಾರದೋ ಮನೆಯ ಖರ್ಜೂರ. ಲಿಗಾಯಳ ಡಬ್ಬಿ ಮಾತ್ರ ತೆರೆಯುತ್ತಿಲ್ಲ. ಬೆಳಿಗ್ಗೆ ಅಮ್ಮ ಗುದ್ದಿ ಗುದ್ದಿ ಮುಚ್ಚಿದ ಮುಚ್ಚಳ ಅದು. ಮಗು ಎಳೆಯುತ್ತದೆ, ಹೊಟ್ಟೆಗೆ ಒತ್ತಿಕೊಂಡು ಉಗುರಿನಿಂದ ಮೀಟುತ್ತದೆ, ಮೂಗಿನ ಮೇಲೆ ಬೆವರು. ರೊವೆನಾ ಬೆನ್ನು ಹಾಕಿ ಬೋರ್ಡು ಒರೆಸುತ್ತಿದ್ದಾಳೆ. ನಾನು ಏಳಬೇಕೆನ್ನುವಷ್ಟರಲ್ಲಿ, ಡಬ್ಬಿಯಿಂದ ಕಣ್ಣು ತೆಗೆಯದೆ ಆ ಪುಟ್ಟ ಗಂಟಲು ಗಟ್ಟಿಯಾಗಿ ಕರೆಯುತ್ತದೆ.

“ನಾನಾಯ್, ಇದು ತೆಗಿಯೋಕೆ ಬರ್ತಿಲ್ಲ.”

ಟಪ್. ಇಪ್ಪತ್ತೈದು ಜೊತೆ ಕೈಗಳ ಒಂದು ಚಪ್ಪಾಳೆ. ಡಸ್ಟರ್ ಬೋರ್ಡಿನ ಮೇಲೆ ಹಾಗೇ ನಿಂತಿದೆ.

ಪಕ್ಕದ ಸೀಟಿನ ಶಮ್ಸಾ ಈ ಊರಿನವಳೇ, ತರಗತಿಗೆಲ್ಲ ದೊಡ್ಡಕ್ಕ. ಹೊಸಬಳ ಬೆನ್ನು ತಟ್ಟಿ ಸಮಾಧಾನ ಹೇಳುತ್ತಾಳೆ: “ನಾಚ್ಕೋಬೇಡ. ತಪ್ಪಾಗಿ ಕರೆದ್ರೆ ಪರವಾಗಿಲ್ಲ. ಎಲ್ರೂ ಕರೀತಾರೆ, ನಾನೂ ಕರೆದಿದೀನಿ.”

ಲಿಗಾಯ ತಲೆಯೆತ್ತಿ ಅವಳನ್ನು ನೋಡುತ್ತದೆ. “ನಾನು ತಪ್ಪಾಗಿ ಕರೀಲಿಲ್ಲ. ನಮ್ಮ ಲೋಲಾ ಊರಲ್ಲಿದಾರೆ. ಇವ್ರು ನನ್ನ ನಾನಾಯ್.”

ಈ ಸಲ ಚಪ್ಪಾಳೆ ಯಾರೂ ತಟ್ಟಲಿಲ್ಲ. ತಟ್ಟಬೇಕೋ ಬೇಡವೋ ಗೊತ್ತಾಗದೆ ಮಕ್ಕಳೆಲ್ಲ ಮಿಸ್ ಮುಖ ನೋಡುತ್ತಿದ್ದಾರೆ. ರೊವೆನಾ ಬಂದು ಮೊಣಕಾಲೂರಿ ಕೂತು, ಒಂದೇ ಎಳೆತಕ್ಕೆ ಮುಚ್ಚಳ ತೆಗೆದು, ಡಬ್ಬಿಯನ್ನು ಮಗಳ ಮುಂದಿಟ್ಟು, ಅಲ್ಲಿಂದ ಏಳುವುದನ್ನೇ ಮರೆಯುತ್ತಾಳೆ. ಬೆಳ್ಳುಳ್ಳಿಯ ಘಮ ಹಿಂದಿನ ಬೆಂಚಿನವರೆಗೂ ಬರುತ್ತದೆ. ನಾನಂತೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೇನೆ, ನಾಚಿಕೆಯೇನಿಲ್ಲ.

ಮಧ್ಯಾಹ್ನ ಬಸ್ಸಿನಲ್ಲಿ ಮಗಳು ತಾಯಿಯ ತೋಳಿಗೊರಗಿ ನಿದ್ದೆ ಹೋಗಿದೆ. ಅಲ್ಲಮ್ಮಾ, ಪ್ರಿನ್ಸಿಪಾಲರ ಷರತ್ತಿನ ಗತಿಯೇನು ಎಂದು ನಾನು ಮೆಲ್ಲಗೆ ಕೆಣಕುತ್ತೇನೆ. ರೊವೆನಾ ಮಗಳ ಹಣೆಯ ಮೇಲಿನ ಕೂದಲು ಸರಿಸುತ್ತಾ ಕಿಟಕಿಯಾಚೆಯ ಬೆಟ್ಟ ನೋಡುತ್ತಿದ್ದಾಳೆ.

“ಷರತ್ತು ಷರತ್ತೇ ಅಕ್ಕಾ, ನಾನೇ ಒಪ್ಕೊಂಡಿದ್ದು. ನಾಳೆಯಿಂದ ಮಿಸ್ ಅಂತಾನೇ ಕರೀಲಿ. ಇವತ್ತು ಬೇಡ.”