ಅವ್ವನ ಮಂಡಿ, ಮಕ್ಕಳ ಉರಿ

ಮೊನ್ನೆ ನಮ್ಮವ್ವ ಆಸ್ಪತ್ರೆ ಸೇರಿದಳು. ಸೇರಿಸಿದ್ದು ಅವಳ ಮಂಡಿನೋವಲ್ಲ, ನನ್ನ ಹೊಟ್ಟೆಕಿಚ್ಚು. (ನನ್ನೊಬ್ಬನದೇ ಅಲ್ಲ, ಪಾರ್ಟ್‌ನರ್ ಇದ್ದಾನೆ.)

ಅವ್ವ ಇರುವುದು ಕನಕಪುರದಲ್ಲಿ, ನನ್ನ ಮನೆಯಲ್ಲಿ. ತಮ್ಮ ಸಿದ್ದರಾಜು ಕೋಡಿಹಳ್ಳಿಯಲ್ಲಿ. ದಿನಾ ಅವಳ ಕಾಲಿಗೆ ಎಣ್ಣೆ ತಿಕ್ಕುವವನು ನಾನು. ಭಾನುವಾರ ಬೈಕಿನಲ್ಲಿ ಬಂದು, ಒಂದು ಲೋಟ ಕಾಫಿ ಕುಡಿದು, ವಾರವಿಡೀ ಹೊಗಳಿಸಿಕೊಳ್ಳುವವನು ಅವನು. ನ್ಯಾಯವೇ?

ಮಂಡಿಗೆಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟೆ. ಡಾಕ್ಟರ್ ಚೀಟಿ? ಯಾರು ಕೇಳುತ್ತಾರೆ! ಅವ್ವ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು: “ನಮ್ ಚಿಕ್ಕೋನು ಒಂದ್ ಮಾತ್ರೆ ತಂದ್ಕೊಟ್ಟವ್ನೆ ಕಣಮ್ಮಿ. ನುಂಗಿದ್ರೆ ನೋವು ಎಲ್ಲೋಯ್ತೋ!”

ಅವನೂ ತಂದಿದ್ದಾನೆ! ಹಾಗಾದರೆ ನನ್ನದು? ನೇರ ಅಂಗಡಿಗೆ ಹೋದೆ. “ಇನ್ನೂ ಪವರ್ ಇರೋದು ಕೊಡಿ” ಎಂದೆ. ಅವ್ವನಿಗೆ ಹೇಳಿದೆ, “ಅವನದು ಬಿಡು, ಇದನ್ನ ನುಂಗು.” ಅವನೂ ಅದನ್ನೇ ಹೇಳಿದ್ದನಂತೆ. ಇಬ್ಬರಿಗೂ ಅವಳು ಹೇಳಿದ್ದು ಒಂದೇ, “ಆಯ್ತು ಕಣಪ್ಪ.”

ಆಮೇಲೆ ಎದೆಯುರಿ ಶುರುವಾಯಿತು. “ಕಿವೀಲಿ ಗುಂಯ್ ಅಂತೈತೆ ಕಣ್ಲಾ” ಎಂದಳು. ಗ್ಯಾಸ್ ಅಂದುಕೊಂಡೆ. ಗುರುವಾರ ಬೆಳಿಗ್ಗೆ ವಾಂತಿ ಮಾಡಿಕೊಂಡಳು. ಕಾಫಿ ಚರಟದ ಹಾಗೆ ಕಪ್ಪಗೆ. ಕೈಕಾಲು ತಣ್ಣಗೆ. ಹೊಟ್ಟೆಯಲ್ಲಿರುವುದೆಲ್ಲ ಹೊರಗೆ ಬರಲಿ ಎಂದು ನಾನು ಉಪ್ಪುನೀರು ಕಲಸಿದೆ. ಹೆಂಡತಿ ಮಂಜುಳಾ ಲೋಟ ಕಿತ್ತುಕೊಂಡಳು. “ಇನ್ನೂ ವಾಂತಿ ಮಾಡಿಸ್ತೀರಾ? ಆಂಬುಲೆನ್ಸ್‌ಗೆ ಫೋನ್ ಮಾಡಿ. ಮಾತ್ರೆ ಶೀಟ್ ಎಲ್ಲಿ, ಅದನ್ನೂ ತಗೊಳ್ಳಿ!”

ನನ್ನ ಶೀಟು ಕಪಾಟಿನಲ್ಲಿತ್ತು. ಅವ್ವನ ಸೆರಗಿನ ಗಂಟು ಬಿಚ್ಚಿದರೆ ತಮ್ಮನದು. ಎರಡೂ ಹೆಚ್ಚುಕಡಿಮೆ ಖಾಲಿ.

ಆಸ್ಪತ್ರೆಗೆ ಸಿದ್ದರಾಜೂ ಓಡಿ ಬಂದ. ಡಾಕ್ಟರಮ್ಮ ಶೀಟುಗಳನ್ನು ತಿರುಗಿಸಿ ನೋಡಿದರು. “ಹೆಸರು ಬೇರೆ, ಒಳಗಿರೋ ಔಷಧಿ ಒಂದೇ. ಡಬಲ್ ನುಂಗಿದ್ರೆ ನೋವೇನೂ ಡಬಲ್ ಹೋಗಲ್ಲ. ಹೊಟ್ಟೇಲಿ ರಕ್ತ ಬರುತ್ತೆ, ಕಿಡ್ನಿ ಹೋಗುತ್ತೆ. ಮಲ ಟಾರಿನ ಹಾಗೆ ಕಪ್ಪಗಾದಾಗಲೇ ಕರ್ಕೊಂಡು ಬರಬೇಕಿತ್ತು. ಅವರನ್ನ ಒಂದ್ಸಲನಾದ್ರೂ ಕೇಳಿದ್ರಾ?” ಕೇಳಿರಲಿಲ್ಲ. ಅಣ್ಣತಮ್ಮಂದಿರು ಮೊದಲ ಸಲ ಒಟ್ಟಿಗೆ ತಲೆ ತಗ್ಗಿಸಿದೆವು.

ರಕ್ತ ಕೊಟ್ಟರು. ಎರಡು ದಿನ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತೆವು. ಮೂರನೇ ದಿನ ಅವ್ವನ ಮುಖಕ್ಕೆ ಒಸಿ ಕಳೆ ಬಂತು.

“ಎರಡೂ ಯಾಕವ್ವ ನುಂಗ್ದೆ?” ಎಂದೆ.

“ಅವಂದು ನುಂಗಿದ್ರೆ ನಿಂಗುರಿ. ನಿಂದು ನುಂಗಿದ್ರೆ ಅವನ್ಗುರಿ. ಅದ್ಕೇ ಎರಡ್ನೂ ನುಂಗ್ಬುಟ್ಟೆ.”

ಅಷ್ಟು ಹೇಳಿದವಳು ಕೈ ಚಾಚಿ ಹಿಡಿದುಕೊಂಡಿದ್ದು ಮಾತ್ರ ಸಿದ್ದರಾಜುವಿನ ಕೈಯನ್ನು!

ನೀವೇ ಹೇಳಿ, ಉರಿಯಲ್ವಾ?