ಮಾಮಾನ ಕಾರಿನ ಸ್ಟೀರಿಯೋ ಮತ್ತು ನನ್ನ ಬಸ್ಸಿನ ಹಾರ್ನು

ನಮ್ಮ ಮಾಮಾನ ಕಾರಿಗೆ ಸೈಡ್ ಕನ್ನಡಿಗಳು ಎರಡಿದ್ದವು, ಎರಡೂ ಒಳಕ್ಕೆ ಮಡಿಚಿಕೊಂಡಿದ್ದವು. ಆಳಂದದ ಬಜಾರಿನಲ್ಲಿ ಒಮ್ಮೆ ಕಬ್ಬಿನ ಟ್ರ್ಯಾಕ್ಟರ್ ತಾಗಿ ಒಂದು ಕನ್ನಡಿ ಸೀಳಿತ್ತು. ಅವತ್ತು ಮಡಿಚಿಟ್ಟವನು ಮತ್ತೆ ಬಿಚ್ಚಿರಲಿಲ್ಲ. ನಮ್ಮ ಕಡೆ ಹೀಗೆ ಓಡಿಸುವವರು ಬಹಳ ಮಂದಿ. ಹಿಂದಿನವನು ಹಾರ್ನ್ ಹೊಡೆಯಬೇಕು, ಮುಂದಿನವನು ಜಾಗ ಬಿಡಬೇಕು, ಇಷ್ಟೇ ಒಪ್ಪಂದ. ಯಾರಾದರೂ ಕೇಳಿದರೆ ಮಾಮಾ, "ಹಿಂದ ನೋಡಾಕ ನನಗ ಕಿವಿ ಅದಾವಲ್ರೀ" ಅನ್ನುತ್ತಿದ್ದ. ನಾನು ಆ ಮಾತನ್ನು ಅವನ ದನಿಯಲ್ಲೇ, ಅವನಂತೆಯೇ ಹೊಟ್ಟೆ ಮುಂದೆ ಮಾಡಿಕೊಂಡು ಹೇಳಿ ಮಂದಿಯನ್ನು ನಗಿಸುತ್ತಿದ್ದೆ. ಈಗ ಆ ಮಾತು ಹೇಳುವುದನ್ನು ಬಿಟ್ಟಿದ್ದೇನೆ.

ಮಾಮಾ ಅಂದರೆ ಅವ್ವನ ತಮ್ಮ. ಅಫಜಲಪುರದಿಂದ ಆಳಂದಕ್ಕೆ ಸೀಟಿನ ಲೆಕ್ಕದಲ್ಲಿ ಬಾಡಿಗೆ ಓಡಿಸುತ್ತಿದ್ದ. ಡಿಗ್ರಿ ಮುಗಿಸಿ ಯಾವುದೋ ಪರೀಕ್ಷೆಗೆ ಓದುತ್ತೇನೆಂದು ಮನೆಯಲ್ಲಿ ಹೇಳಿದ್ದ ನಾನು ಓದುವುದೊಂದನ್ನು ಬಿಟ್ಟು ಬೇರೆಲ್ಲ ಮಾಡುತ್ತಿದ್ದೆ. ಆ ಬೇರೆಲ್ಲದರಲ್ಲಿ ಮಾಮಾನ ಕಾರಿನ ಹಿಂದಿನ ಸೀಟೂ ಒಂದು. ಅಲ್ಲಿ ಕೂತು ಬಸ್ಸಿನ ಹಾರ್ನು, ಟ್ರ್ಯಾಕ್ಟರಿನ ಧಡಧಡ, ಜೇವರ್ಗಿ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವವನ ಕೂಗು, ಎಲ್ಲ ಬಾಯಲ್ಲೇ ಮಾಡುತ್ತಿದ್ದೆ. ನಾನು "ಭೋಂ" ಅಂದರೆ ಸಾಕು, ಬಸ್ ಬಂತೆಂದು ಮಾಮಾ ಎಡಕ್ಕೆ ಸರಿಯುತ್ತಿದ್ದ. ಆಮೇಲೆ ಒಳಗಿನ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಬಸ್ ಎಲ್ಲದ? ಸೀಟಿನ ಮ್ಯಾಲ ಒಂದು ಮಂಗ್ಯಾ ಕುಂತದ" ಎಂದು ಬೈಯುತ್ತಿದ್ದ.

ಹಳೆಯ ಟೇಪು ಕೆಟ್ಟ ಮೇಲೆ ಮಾಮಾ ಫೋನಿಗೆ ವೈರು ಚುಚ್ಚುವ ಸ್ಟೀರಿಯೋ ಹಾಕಿಸಿದ. ಆ ಕಾರಿನದೊಂದು ಪದ್ಧತಿ: ಮುಂದಿನ ಸೀಟಿನಲ್ಲಿ ಯಾರು ಕೂತರೋ ಅವರ ಫೋನಿಗೆ ವೈರು. ಒಬ್ಬರ ಫೋನು ಪಿಸುಗುಟ್ಟುತ್ತಿತ್ತು, ಇನ್ನೊಬ್ಬರದು ಸ್ಪೀಕರ್ ಹರಿಯುವಂತೆ ಒದರುತ್ತಿತ್ತು. ಮಾಮಾನ ದೂರು ಮಾತ್ರ ಬೇರೆ.

"ಅಳಿಯಾ, ಗಡಿಗ್ಯಾಗ ಬಾಯಿ ಇಟ್ಟು ಹಾಡಿದಂಗ ಬರಾಕತ್ತದ. ಮಾತು ಒಂದೂ ಬಿಡಿಸಿ ತಿಳಿಯಂಗಿಲ್ಲ. ಸ್ಟೀರಿಯೋ ಕೊಟ್ಟವ ಮೋಸ ಮಾಡ್ಯಾನ. ನೀ ಏನರೆ ಮಾಡಲೇ."

ಅವನು ಇದನ್ನು ದಿನವೂ ಹೇಳತೊಡಗಿದ. ನನಗೂ ಛಲ ಬಂತು. ಒಂದು ಮಧ್ಯಾಹ್ನ ಅಫಜಲಪುರದ ಸ್ಟ್ಯಾಂಡಿನ ಬೇವಿನ ನೆರಳಲ್ಲಿ, ಸೀಟು ತುಂಬುವವರೆಗೆ ಕೂತು ರಿಪೇರಿಗೆ ಇಳಿದೆ. ಹಿಂದಿನ ಸೀಟಿನಲ್ಲಿ ಆಳಂದದ ಬಳೆ ವ್ಯಾಪಾರಿ ಚಾಚಾ ಇದ್ದ, ಪಕ್ಕದಲ್ಲಿ ಮಗಳ ಮನೆಗೆ ಹೊರಟಿದ್ದ ಮಣ್ಣೂರಿನ ಆಯಿ.

ಮೊದಲು ಮಾಮಾನ ಫೋನಿನ ದನಿಯನ್ನು ಹೆಚ್ಚುಕಮ್ಮಿ ಪೂರ್ತಿ ಏರಿಸಿ ಸ್ಟೀರಿಯೋದ್ದನ್ನು ಇಳಿಸಿದೆ. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡಿ ಗರಗರ ಅನಿಸುತ್ತಾರೆ. ಸ್ಟೀರಿಯೋದ ಸೆಟ್ಟಿಂಗಿನಲ್ಲಿ ವೈರಿನಿಂದ ಬರುವ ದನಿಗೇ ಬೇರೆ ಮಟ್ಟ ಇತ್ತು, ಅದನ್ನು ಒಂದಿಷ್ಟು ಮೇಲೆ ತಂದೆ. ಫೋನಿನಲ್ಲೂ ಸ್ಟೀರಿಯೋದಲ್ಲೂ ಎರಡು ಕಡೆ ದಪ್ಪ ದನಿಯ ಬಾಸ್ ಏರಿಸಿಟ್ಟಿದ್ದರು. ಫೋನಿನದನ್ನು ಬಂದ್ ಮಾಡಿದೆ. ಸವೆದು ಲಡ್ಡಾದ ವೈರು ತೆಗೆದು ಹೊಸದು ಚುಚ್ಚಿದೆ. ಕೊನೆಗೆ ಉಳಿದದ್ದು ಒಂದು ಸಣ್ಣ "ಕೊಂಯ್" ಸಪ್ಪಳ. ಎಕ್ಸಿಲೇಟರ್ ಒತ್ತಿದಂತೆಲ್ಲ ಅದೂ ಏರುತ್ತಿತ್ತು. ಫೋನು ಕಾರಿನಲ್ಲೇ ಚಾರ್ಜಿಗೆ ಹಾಕಿದ್ದರಿಂದ ಹಾಗಾಗುತ್ತಿತ್ತು. ಚಾರ್ಜರ್ ಕಿತ್ತೆ, ಸಪ್ಪಳ ನಿಂತಿತು.

"ಈಗ ನಿಂತು ನೋಡ್ ಮಾಮಾ."

"ಏನ್ ನಿಂತು?"

"ಕೊಂಯ್ ಅನ್ನೋದು."

"ಯಾವ ಕೊಂಯ್?"

ಚಾಚಾ ನಕ್ಕ. "ಅರೇ ಭಾಯ್, ಎಷ್ಟು ದಿನದಿಂದ ಕಿವ್ಯಾಗ ಸೊಳ್ಳಿ ಹೊಕ್ಕಂಗ ಆಗಾಕತ್ತಿತ್ತು. ನಿಮಗ ಕೇಳಿಲ್ಲೇನ್?"

ಮಾಮಾ ಸ್ಟೀರಿಂಗ್ ಒರೆಸತೊಡಗಿದ. ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ಹಾಡು ಹಾಕಿದೆ. ದನಿ ನೀರಿನಂತೆ ತಿಳಿಯಾಗಿ ಬಂತು. ಆಯಿ ತಲೆದೂಗಿದಳು. ಮಾಮಾ ಮಾತ್ರ ಮುಖ ಸಣ್ಣದು ಮಾಡಿ, "ಅಷ್ಟೇ ಅದ ಬಿಡಲೇ, ಗಡಿಗಿ ಗಡಿಗೀನೇ" ಅಂದ. ಅಂದವನೇ ಕೈ ಚಾಚಿ ಸಣ್ಣ ದನಿಯ ಟ್ರೆಬಲ್ ಅನ್ನು ಕೊನೆಯವರೆಗೆ ಏರಿಸಿದ. ಕಾರಿನೊಳಗೆ ಸೂಜಿ ಚೆಲ್ಲಿದಂತಾಯಿತು. ಆಯಿ ಎರಡೂ ಕಿವಿ ಮುಚ್ಚಿಕೊಂಡು, "ಯಪ್ಪಾ, ತಗಿಯೋ ಅದನ, ಜೀವ ಹೋತು!" ಎಂದು ಕೂಗಿದಳು.

ಮಾಮಾನ ಮುಖ ಅರಳಿತ್ತು. "ಹಾಂ, ಈಗ ಸ್ವಲ್ಪ ಬಂತು ನೋಡ್."

ನಾನು ಕೈಯಲ್ಲಿದ್ದ ಹಳೆಯ ವೈರನ್ನು ಕೆಳಗಿಟ್ಟೆ. ಸ್ಟೀರಿಯೋ ಸರಿ ಇತ್ತು. ವೈರು ಸರಿ ಇತ್ತು. ಮಡಿಚಿದ ಕನ್ನಡಿಗಳ ನಡುವೆ ಕೂತ ಮಾಮಾನ ಕಿವಿ ಸರಿ ಇರಲಿಲ್ಲ.

ಹೇಳಬೇಕಿತ್ತು, ಹೇಳಲು ಬಾಯಿ ಬರಲಿಲ್ಲ. ಊರಿನ ಎಲ್ಲರ ದನಿ ತೆಗೆಯುವ ನನಗೆ ನನ್ನದೇ ದನಿ ಸಿಗಲಿಲ್ಲ. ಅಷ್ಟರಲ್ಲಿ ಮುಂದೆ ಒಬ್ಬ ಬಂದು ಕೂತ, ನಾನು ಹಿಂದಕ್ಕೆ ಹೋದೆ; ಸೀಟು ತುಂಬಿತು, ಕಾರು ಹೊರಟಿತು. ಆಯಿ ಕೈ ಮುಗಿದಿದ್ದಕ್ಕೆ ಹಾಡೂ ನಿಂತಿತು.

ಊರು ದಾಟಿದ ಮೇಲೆ ಹಿಂದಿನ ಸೀಟಿನಿಂದ ಮೆಲ್ಲಗೆ "ಭೋಂ" ಅಂದೆ. ಮಾಮಾ ಎಡಕ್ಕೆ ಸರಿದ, ಬೈದ. ಎದೆ ಸ್ವಲ್ಪ ಹಗುರಾಯಿತು. ಆಮೇಲೆ ಮೋಟರ್ ಸೈಕಲ್ಲಿನ ಹಾರ್ನ್ ತೆಗೆದೆ. ಸಣ್ಣದು, ಚೂಪಾದದ್ದು, "ಪೀಂ, ಪೀಂ." ಪಕ್ಕದ ಚಾಚಾ ಬೆಚ್ಚಿ ಹಿಂದೆ ತಿರುಗಿ ನೋಡಿದ. ಮಾಮಾ ನೋಡಲಿಲ್ಲ. ಇನ್ನೂ ಜೋರಾಗಿ ತೆಗೆದೆ. ಮಾಮಾ ಸ್ಟೀರಿಂಗ್ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಆಯಿ, "ಸುಮ್ಮ ಕುಂದ್ರೋ ತಮ್ಮಾ, ಹಲ್ಲು ಜುಮ್ ಅಂತಾವ" ಅಂದಳು. ಇಷ್ಟು ದಿನ ಈ ರಸ್ತೆಯಲ್ಲಿ ನಾವು ಹೇಗೆ ಬದುಕಿ ಬಂದೆವು ಎಂದು ಯೋಚಿಸತೊಡಗಿದೆ. ಯೋಚನೆ ಪೂರ್ತಿಯಾಗಲಿಲ್ಲ.

"ಪೀಂ, ಪೀಂ" ಮತ್ತೆ ಕೇಳಿತು. ನಾನು ಬಾಯಿ ತೆರೆದೇ ಇರಲಿಲ್ಲ.

ಹಿಂದಿನ ಗಾಜಿನಲ್ಲಿ ಒಂದು ಮೋಟರ್ ಸೈಕಲ್ಲು. ಗಂಡ, ಹೆಂಡತಿ, ನಡುವೆ ಒಂದು ಕೂಸು. ಹಾರ್ನ್ ಒತ್ತಿಕೊಂಡೇ ಬಲಗಡೆಯಿಂದ ಮುಂದೆ ಬರುತ್ತಿದ್ದರು. ನಮ್ಮೆದುರು ಒಂದು ದೊಡ್ಡ ಗುಂಡಿ. ಅದನ್ನು ತಪ್ಪಿಸಲು ಮಾಮಾನ ಕೈ ಬಲಕ್ಕೆ ತಿರುಗತೊಡಗಿದ್ದನ್ನು ಕಂಡೆ.

"ಭೋಂ!"

ಹೇಗೆ ಬಂತೋ ಗೊತ್ತಿಲ್ಲ. ಕರುಳಿನ ತಳದಿಂದ ಬಸ್ಸೇ ಎದ್ದು ಬಂತು. ಮಾಮಾನ ಕೈ ತಾನಾಗಿಯೇ ಎಡಕ್ಕೆ ಹೊರಳಿತು. ಕಾರು ಗುಂಡಿಯಲ್ಲಿ ಧಡ್ ಎಂದು ಇಳಿದು ಎದ್ದಿತು, ಚಾಚಾನ ಬಳೆಯ ಡಬ್ಬಿಗಳು ಝಲ್ ಎಂದವು. ಬಲಗಡೆಯ ಕಿಟಕಿಗೆ ಒತ್ತಿಕೊಂಡಂತೆ ಮೋಟರ್ ಸೈಕಲ್ಲು ಹಾದುಹೋಯಿತು. ಆ ಹೆಂಗಸಿನ ಕಣ್ಣು, ಕೂಸಿನ ಕೆಂಪು ಟೊಪ್ಪಿಗೆ ಎರಡೂ ಕೈಗೆಟಕುವಷ್ಟು ಹತ್ತಿರ.

ಮಾಮಾ ಕಾರು ನಿಲ್ಲಿಸಿದ. ಇಳಿದು ನಿಂತ.

"ಸೂಳೆಮಗ ಹಾರ್ನ್ ಹೊಡೀಬೇಕೋ ಬ್ಯಾಡೋ?"

ಚಾಚಾ ಕೆಳಗಿಳಿದು ಅವನ ಹತ್ತಿರ ಹೋಗಿ, "ಭಾಯ್, ಅವ ಹೊಡಕೋತನೇ ಬಂದ" ಅಂದ.

ಮಾಮಾ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಬಾಡಿಗೆ ಕಾರಿನ ಅಷ್ಟೂ ದರ್ಪ ಅವನ ಹೆಗಲಿನಿಂದ ಇಳಿದುಹೋದದ್ದು ಕಂಡಿತು.

"ನಾ ಸ್ಟೀರಿಯೋದ್ದೇ ತಪ್ಪು ಅಂತ ತಿಳದಿದ್ನೆಲೇ" ಅಂದ. ಬಾನೆಟ್ಟಿಗೆ ಕೈ ಊರಿ, "ಕಿವಿದಲ್ಲ, ಸ್ಟೀರಿಯೋದ್ದೇ ಇರಲೆಪ್ಪಾ ಅಂತ ಬೇಡಕೊಂಡಿದ್ದೆ" ಅಂದ.

ಆಮೇಲೆ ಒಂದೊಂದಾಗಿ ಎರಡೂ ಕನ್ನಡಿ ಬಿಚ್ಚಿದ. ಅವು ಜಂಗು ಹಿಡಿದು ಕಿರ್ರೆಂದವು. ಸೀಳಿದ ಗಾಜಿನಲ್ಲಿ ರಸ್ತೆ ಎರಡು ತುಂಡಾಗಿ ಕಂಡಿತು. ಮುಂದಿನ ಸೀಟಿನವನನ್ನು ಹಿಂದೆ ಕಳಿಸಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡ. ಪದ್ಧತಿಯ ಪ್ರಕಾರ ವೈರು ಈಗ ನನ್ನ ಫೋನಿಗೆ. ಅವನೇ ಅದನ್ನು ಕಿತ್ತು ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಹಾಕಿದ.

"ಹಿಂದ ಯಾರ ಹೊಡದ್ರೂ ನೀ ಬಸ್ಸಿನ ದನಿಲೇ ಹೇಳು. ಅದು ನನಗ ಕೇಳತದ. ಆಟ ಆಡಬ್ಯಾಡ ಅಳಿಯಾ, ಕಾಲಿಗೆ ಬೀಳ್ತೇನಿ."

ನನ್ನ ಕಾಲಿಗೆ ಮಾಮಾ ಬೀಳುವುದೆಂದರೆ! ಬೇರೆ ದಿನವಾಗಿದ್ದರೆ ಇದನ್ನು ಊರೆಲ್ಲ ಹೇಳಿ ನಗಿಸುತ್ತಿದ್ದೆ. ಅವತ್ತು ಕಾರು ಎತ್ತಿನ ಬಂಡಿಯಂತೆ ಹೋಯಿತು. ಸ್ಕೂಟರಿಗೂ "ಭೋಂ", ಜೀಪಿಗೂ "ಭೋಂ". ಒಂದು ಸಪ್ಪಳ ನನ್ನ ಕಿವಿ ತಪ್ಪಿದರೂ ಅಂಥದೇ ಟೊಪ್ಪಿಗೆಯ ಒಂದು ಕೂಸು ಚಕ್ರದಡಿ ಬರಬಹುದು ಎನ್ನಿಸಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡೆ. ಆಯಿ ಹಿಂದಿನಿಂದ ನೀರಿನ ಬಾಟಲಿ ಚಾಚಿ, "ಕುಡಿ ತಮ್ಮಾ, ಬಸ್ಸಿಗೂ ನೀರು ಬೇಕು" ಅಂದಳು. ಒಬ್ಬರೂ ನಗಲಿಲ್ಲ.

ಆಳಂದದಲ್ಲಿ ಎಲ್ಲರೂ ಇಳಿದ ಮೇಲೆ ಮಾಮಾ ಕಾರನ್ನು ಚಾಚಾನ ಅಂಗಡಿಯ ಹಿಂದೆ ನಿಲ್ಲಿಸಿ ಚಾವಿ ಅವನ ಕೈಗೆ ಕೊಟ್ಟ. ನಾಳೆ ಕಲಬುರಗಿಗೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸುತ್ತೇನೆ, ಅಲ್ಲಿಯವರೆಗೆ ನಾ ಎಷ್ಟೇ ಬೇಡಿಕೊಂಡರೂ ಕೊಡಬೇಡ ಎಂದ. ನಾವು ಅಫಜಲಪುರಕ್ಕೆ ಬಸ್ ಹತ್ತಿದೆವು. ಮಾಮಾ ಕಿಟಕಿಯ ಪಕ್ಕ ಕೂತ. ದಾರಿಯುದ್ದಕ್ಕೂ ಡ್ರೈವರನ ಸೈಡ್ ಕನ್ನಡಿಯನ್ನೇ ನೋಡುತ್ತಿದ್ದ. ಹಿಂದೆ ಯಾವುದೋ ಮೋಟರ್ ಸೈಕಲ್ಲು ಪೀಂ ಎಂದಾಗಲೆಲ್ಲ ನನ್ನ ಬಾಯಿ ತಾನಾಗಿಯೇ ತೆರೆಯುತ್ತಿತ್ತು. ದಾರಿಯುದ್ದಕ್ಕೂ ಬಸ್ಸಾಗಿ ಕೂಗಿ ಒಡೆದ ಗಂಟಲಿನಿಂದ ಮಾತ್ರ ಏನೂ ಬರುತ್ತಿರಲಿಲ್ಲ.