ಕವರಿನೊಳಗಿನ ತಗಡು

ಅಮೀರಸಾಬರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿಜ ಗೊತ್ತಿರುವವರು ಇಬ್ಬರೇ. ಒಬ್ಬರು ಅವರು, ಇನ್ನೊಬ್ಬ ನಾನು. ಅವರಂತೂ ಬಾಯಿ ಬಿಡುವವರಲ್ಲ.

ಮುಂಬಯಿಯ ಫೋರ್ಟಿನಲ್ಲಿ ನಮ್ಮ ಬ್ಯಾಂಕಿನ ಎದುರಿಗೊಂದು ಉಡುಪಿ ಹೋಟೆಲ್ ಇದೆ. ಅದರ ಬಾಗಿಲ ಪಕ್ಕ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಹಲಗೆಯಷ್ಟಗಲದ ಮೇಜು ಹಾಕಿಕೊಂಡು ಅಮೀರಸಾಬರು ಹದಿನಾಲ್ಕು ವರ್ಷ ಮೊಬೈಲ್ ರಿಪೇರಿ ಮಾಡಿದರು. ಊರು ತಾಳಿಕೋಟೆ. ಹತ್ತೊಂಬತ್ತನೇ ವಯಸ್ಸಿಗೆ ಬೈಕುಲ್ಲಾದ ಸೋದರಮಾವನ ಗಡಿಯಾರದಂಗಡಿಗೆ ಬಂದವರು. ಜನ ಕೈಗಡಿಯಾರ ಬಿಟ್ಟಾಗ ರೇಡಿಯೋ, ರೇಡಿಯೋ ಬಿಟ್ಟಾಗ ಮೊಬೈಲ್ ಹಿಡಿದರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಡಿಯಾರದವರ ಮಸೂರವನ್ನು ಮಾತ್ರ ಬದಲಿಸಲಿಲ್ಲ. ನಾನು ಪಕ್ಕದ ಮುದ್ದೇಬಿಹಾಳದವನು. ಹೀಗಾಗಿ ಚಹಾದ ಹೊತ್ತಿಗೆ ಅವರ ಹತ್ತಿರ ನಿಂತು ನಾಲ್ಕು ಮಾತು ನಮ್ಮ ಭಾಷೆಯಲ್ಲಿ ಆಡಿ ಬರುವುದು ರೂಢಿಯಾಗಿತ್ತು.

ಅವರದೊಂದು ನಿಯಮ. ಯಾರ ಫೋನು ಕೈಗೆ ಬಂದರೂ ಮೊದಲು ಬೋರಲು ಹಾಕಿ, ಮೇಲೊಂದು ಕರವಸ್ತ್ರ ಹೊದಿಸುತ್ತಿದ್ದರು. ಲಾಕ್ ತೆಗೆಯಬೇಕಾದರೆ ಫೋನನ್ನು ಗಿರಾಕಿಯ ಕೈಗೇ ಕೊಟ್ಟು ತಾವು ರಸ್ತೆಯ ಕಡೆ ತಿರುಗಿ ಕೂರುತ್ತಿದ್ದರು.

"ಫೋನಂದ್ರ ಮಂದಿ ಮನಿ ಇದ್ದಂಗ್ರೀ ಸಾಹೇಬ್ರ. ಬಾಗಲಾ ರಿಪೇರಿ ಮಾಡಾಕ ಬಂದಾಂವ ಒಳಗ ಇಣಕಬಾರ್ದು," ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಹೋದ ವರ್ಷ ನನ್ನ ಫೋನಿಗೆ ವೈರು ಚುಚ್ಚಿದರೆ ಚಾರ್ಜ್ ಒಮ್ಮೆ ಹತ್ತುವುದು, ಒಮ್ಮೆ ಬಿಡುವುದು ಶುರುವಾಯಿತು. ಅವರಿಗೆ ತೋರಿಸಿದೆ.

"ತೂತಿನ್ಯಾಗ ಕಿಸೆದ ಧೂಳಾ ತುಂಬೇತ್ರಿ. ಸ್ವಚ್ಛ ಮಾಡಿದ್ರ ಆತು," ಎಂದರು.

ಆದರೆ ನನಗೆ ಬೇರೆಯೇ ಹುಕಿ ಬಂದಿತ್ತು. ಪಕ್ಕದ ಮೇಜಿನ ಅಮೋಲ್ ತನ್ನ ಫೋನನ್ನು ಒಂದು ಪ್ಯಾಡಿನ ಮೇಲೆ ಸುಮ್ಮನೆ ಇಟ್ಟು ಚಾರ್ಜ್ ಮಾಡಿಕೊಳ್ಳುತ್ತಿದ್ದ. ಚುಚ್ಚುವುದಿಲ್ಲ, ಎಳೆಯುವುದಿಲ್ಲ. ನನ್ನ ಫೋನಿಗೂ ಆ ಸೌಲಭ್ಯ ಇತ್ತು. ಜನ ನೋಡಲಿ ಎಂದೇ ದುಬಾರಿ ಫೋನು ಕೊಂಡವನು ನಾನು. ಅಂಥದ್ದೊಂದು ಪ್ಯಾಡು ತರಿಸಿಕೊಡಿ ಎಂದು ಹಟ ಹಿಡಿದೆ.

"ವೈರಿಂದ ಛಲೋರಿ. ಲಗೂನ ತುಂಬತೈತಿ, ಇಷ್ಟ್ ಬಿಸೀನೂ ಆಗಂಗಿಲ್ಲ," ಎಂದರು. ಕೊನೆಗೆ ತರಿಸಿಕೊಟ್ಟರು. ಕೊಡುವಾಗ ಎರಡು ಸಲ ಹೇಳಿದರು: "ಕವರ್ ತಗದು ಇಡ್ರಿ. ನಡುವ ಏನೂ ಇರಬಾರ್ದು. ಕಾರ್ಡು, ನಾಣ್ಯ, ತಗಡು, ಏನೂ."

"ಅಷ್ಟೂ ತಿಳಿಯಂಗಿಲ್ಲೇನ್ರಿ ನನಗ?" ಎಂದು ರೇಗಿದೆ.

ಈಗ ನನ್ನ ಗುಟ್ಟು ಹೇಳಬೇಕು. ಆಫೀಸಿನಲ್ಲಿ ನಾನು ದೊಡ್ಡ ವಿಚಾರವಾದಿ. ಅಮೋಲ್ ಬೆರಳಿಗೆ ಹರಳಿನುಂಗುರ ಹಾಕಿಕೊಂಡು ಬಂದ ದಿನ ಇಡೀ ಸೆಕ್ಷನ್ನಿನ ಮುಂದೆ ಅವನ ಮಾನ ಹರಾಜು ಹಾಕಿದ್ದೆ. ಅಂಥ ನಾನು, ಬಡ್ತಿಯ ಸಂದರ್ಶನದ ತಾರೀಖು ಗೊತ್ತಾದ ದಿನ, ನನ್ನ ಅವ್ವ ರಾಚವ್ವ ಊರಿನ ಮಠದಿಂದ ತರಿಸಿದ್ದ, ಮಂತ್ರಿಸಿದ ತಾಮ್ರದ ಯಂತ್ರದ ತಗಡನ್ನು ತೆಪ್ಪಗೆ ಫೋನಿನ ಕವರಿನೊಳಗೆ ಸೇರಿಸಿದ್ದೆ. ಲೋಕಲ್ ರೈಲಿನಲ್ಲಿ ಓಡಾಡುವ ಎಷ್ಟೋ ಜನ ಪಾಸು, ದೇವರ ಚಿತ್ರ ಎಲ್ಲ ಅಲ್ಲೇ ಇಟ್ಟುಕೊಳ್ಳುತ್ತಾರೆ. ನನ್ನ ಕವರು ಕಪ್ಪು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಎಲ್ಲರಿಗೂ ಕಾಣುವಂತೆ ಪ್ಯಾಡನ್ನು ಮೇಜಿನ ನಡುವೆ ಇಟ್ಟು, ಕವರು ಸಮೇತ ಫೋನನ್ನು ಅದರ ಮೇಲಿಟ್ಟು, ಮ್ಯಾನೇಜರರ ಕೋಣೆಗೆ ಹೋದೆ. ಮುಕ್ಕಾಲು ಗಂಟೆಯಲ್ಲಿ ಅಮೋಲ್ ಕೂಗಿದ. ಬಂದು ನೋಡಿದರೆ ಸುಟ್ಟ ವಾಸನೆ. ಕವರು ಉಬ್ಬಿ ಗುಳ್ಳೆ ಎದ್ದಿದೆ, ಫೋನು ಮುಟ್ಟಲಾಗದಷ್ಟು ಕಾದು ಬಂದ್ ಆಗಿದೆ. ತಗಡಿನ ನೆನಪು ಆ ಕ್ಷಣಕ್ಕೆ ಬರಲಿಲ್ಲ, ಆಣೆ ಮಾಡುತ್ತೇನೆ. ಬಂದದ್ದು ಸಿಟ್ಟು ಮಾತ್ರ.

ಫೋನನ್ನು ಫೈಲಿನ ಮೇಲೆ ಹೊತ್ತುಕೊಂಡು ಕೆಳಗಿಳಿದೆ. ಅಮೋಲ್ ಹಿಂದೆಯೇ ಬಂದ. ಹೋಟೆಲಿನ ಬಾಗಿಲಲ್ಲಿ ತಿಂಡಿಗೆ ಬಂದವರ ಸಾಲು ನಿಂತಿತ್ತು.

"ಏನ್ ಮಾರಿದಿ ಸಾಬಾ ನನಗ? ಮೋಸಗಾರ!" ಎಂದು ಕೂಗಿದೆ. ಎಲ್ಲರಿಗೂ ತಿಳಿಯಲೆಂದು ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಕೂಗಿದೆ. ನನಗಿಂತ ಹತ್ತು ವರ್ಷ ಹಿರಿಯರು. ಅದುವರೆಗೆ ಚಾಚಾ ಎನ್ನುತ್ತಿದ್ದವನು ನಾನು.

ಅವರು ಎಂದಿನಂತೆ ಫೋನನ್ನು ಬೋರಲು ಹಾಕಿ, ಕರವಸ್ತ್ರದ ಮರೆಯಲ್ಲಿ ಕವರು ಬಿಡಿಸಿದರು. ಎದುರಿಗೆ ನಿಂತ ನನಗೆ ಕಂಡಿತು. ತಾಮ್ರದ ತಗಡು ಕಾದು ಕಪ್ಪಾಗಿ ಫೋನಿನ ಬೆನ್ನಿಗೆ ಅಂಟಿತ್ತು. ಅವರು ಮಸೂರ ತೆಗೆದು ನನ್ನ ಮುಖ ನೋಡಿದರು.

ಅಮೋಲ್ ಕತ್ತು ಚಾಚಿದ. "ಅಂದರ್ ಕ್ಯಾ ಹೈ, ಚಾಚಾ?"

ಅಮೀರಸಾಬರು ಹೆಬ್ಬೆರಳಿನಿಂದ ಒತ್ತಿ ಕವರನ್ನು ಮತ್ತೆ ಕೂರಿಸಿದರು. ಒಳಗೇನೂ ಇಲ್ಲ, ಪ್ಯಾಡೇ ಕೆಟ್ಟದ್ದು, ತಪ್ಪು ತಮ್ಮದೇ ಎಂದು ಹಿಂದಿಯಲ್ಲಿ ಹೇಳಿದರು.

ಗಲ್ಲಾ ಬಿಟ್ಟು ಹೋಟೆಲಿನ ಶೆಟ್ಟರು ಹೊರಗೆ ಬಂದರು. "ಎಂತದು ಇದು? ಬೆಂಕಿ ಗಿಂಕಿ ಹಿಡಿದ್ರೆ ನನ್ನ ಹೋಟೆಲಿನ ಗತಿ ಏನು? ನಾಳೆಯಿಂದ ಇಲ್ಲಿ ಕೂತುಕೊಳ್ಳುವುದು ಬೇಡ ಮಾರಾಯ್ರೆ."

ಆಗ ಅಮೀರಸಾಬರು ಇನ್ನೊಮ್ಮೆ ನನ್ನ ಕಡೆ ನೋಡಿದರು. ನನ್ನ ಒಂದೇ ಮಾತು ಸಾಕಿತ್ತು. ಆದರೆ ಅಮೋಲ್ ಪಕ್ಕದಲ್ಲಿ ನಿಂತಿದ್ದ, ಅವನ ಬೆರಳಲ್ಲಿ ಆ ಉಂಗುರವೂ ಇತ್ತು.

"ಹೋಗಲಿ ಬಿಡಿ ಶೆಟ್ರೆ, ವಯಸ್ಸಾದವರು," ಎಂದೆ. ದೊಡ್ಡ ಮನಸ್ಸು ಮಾಡಿದವನ ಹಾಗೆ. ಮೇಲೆ ಬರುವಾಗ ಅಮೋಲ್ ನನ್ನ ಒಳ್ಳೆಯತನವನ್ನು ಹೊಗಳಿದ.

ಮರುದಿನ ಆ ಸಂದಿ ಖಾಲಿ. ಫೋನು ತಣ್ಣಗಾದ ಮೇಲೆ ಏನೂ ಆಗದ ಹಾಗೆ ಮತ್ತೆ ಶುರುವಾಯಿತು. ಬಡ್ತಿಯೂ ಬಂತು. ವಡಾಲದ ನಮ್ಮ ಮನೆಯಲ್ಲಿ ಅವ್ವ, "ತಗಡಿನ ಮಹಿಮಾ ನೋಡಪ್ಪಾ," ಎಂದು ದೇವರ ಮುಂದೆ ಸಕ್ಕರೆ ಇಟ್ಟಳು. ಆ ಸಕ್ಕರೆ ನನಗೆ ನುಂಗಲಾಗಲಿಲ್ಲ.

ನಾಲ್ಕು ತಿಂಗಳು ತಡೆದು, ಕಡೆಗೆ ಒಂದು ಭಾನುವಾರ ಬೈಕುಲ್ಲಾಕ್ಕೆ ಹೋದೆ. ಅಮೀರಸಾಬರು ಅಳಿಯ ಅಬ್ರಾರನ ಅಂಗಡಿಯ ಹಿಂಬದಿಯಲ್ಲಿ, ರಟ್ಟಿನ ಡಬ್ಬಗಳ ನಡುವೆ, ಒಂದು ಸ್ಟೂಲಿನ ಮೇಲೆ ಕೂತಿದ್ದರು. ರಸ್ತೆ ಕಾಣುತ್ತಿರಲಿಲ್ಲ.

"ಬರ್ರಿ ಸಾಹೇಬ್ರ. ಚಾ ಹೇಳ್ಲ್ಯಾ?" ಎಂದರು, ಏನೂ ನಡೆದೇ ಇಲ್ಲದವರಂತೆ.

ಚಾರ್ಜ್ ಸರಿಯಾಗಿ ಹತ್ತುತ್ತಿಲ್ಲ ಎಂದು ಫೋನು ಚಾಚಿದೆ. ಅವರು ಕೈ ನೀಡಲಿಲ್ಲ. ಸ್ಟೂಲು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿದರು.

"ಕವರ್ ನೀವ ತಗೀರಿ. ನಾ ಈ ಕಡೆ ನೋಡ್ತೀನಿ."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. "ಏನೂ ಇಲ್ರಿ ಅದರಾಗ," ಎಂದೆ. ಕವರು ಬಿಚ್ಚಿ ಫೋನನ್ನು ಅವರ ಮುಂದಿಟ್ಟೆ.

ಅವರು ಸೂಜಿ ಹಾಕಿ ಚಾರ್ಜಿಂಗ್ ತೂತಿನಿಂದ ಧೂಳಿನ ಸಣ್ಣ ಉಂಡೆಯೊಂದನ್ನು ಎಳೆದರು. ಅರ್ಧ ನಿಮಿಷದ ಕೆಲಸ. ವೈರು ಗಟ್ಟಿಯಾಗಿ ಕೂತಿತು, ಚಾರ್ಜ್ ಏರತೊಡಗಿತು.

"ನಾಳಿಗೆ ಶೆಟ್ರಿಗೆ ಖರೇ ಹೇಳ್ತೀನಿ ಚಾಚಾ. ಅಮೋಲನ ಮುಂದನೂ ಹೇಳ್ತೀನಿ."

ಅವರು ಸೂಜಿ ಒರೆಸಿ ಡಬ್ಬಿಗೆ ಹಾಕಿದರು. "ಬ್ಯಾಡ್ರಿ. ನಿಮ್ಮ ಹೆಸರ್ಯಾಕ ಕೆಡಿಸ್ಕೋತೀರಿ?"

ಒತ್ತಾಯ ಮಾಡಬೇಕಿತ್ತು. ಆದರೆ ಅವರು ಬ್ಯಾಡ್ರಿ ಎಂದೊಡನೆ ನನಗೆ ಹಾಯೆನಿಸಿತು. ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಆ ಗಳಿಗೆಗೆ.

ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಶೆಟ್ಟರು ಈಗ ಐಸ್‌ಕ್ರೀಮಿನ ಫ್ರಿಜ್ ಇಟ್ಟಿದ್ದಾರೆ. ನಾನು ದಿನವೂ ಅದರ ಪಕ್ಕ ನಿಂತು ಚಹಾ ಕುಡಿಯುತ್ತೇನೆ. ಶೆಟ್ಟರು ಮಾರು ದೂರದಲ್ಲಿ, ಗಲ್ಲಾದಲ್ಲೇ ಇರುತ್ತಾರೆ. ಇನ್ನೂ ಹೇಳಿಲ್ಲ.